ಒಂಬತ್ತು ಸಾಲುಗಳ ಗುಂಪು

ಹದಿನೆಂಟು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು ಆಕೆ. ಆ ಕೆಲಸಕ್ಕೆ ಯಂತ್ರ ಬಂದಾಗ ಮನೆಯಲ್ಲಿ ಕೈಕಟ್ಟಿ ಕೂರಲು ಮನಸ್ಸಾಗದೆ ಕಂಪ್ಯೂಟರ್ ಕಲಿತು, ನಲವತ್ತೇಳನೇ ವಯಸ್ಸಿನಲ್ಲಿ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗ ಸೇರಿದಳು. ಅಲ್ಲಿದ್ದವರೆಲ್ಲ ಅವಳಿಗಿಂತ ತೀರ ಚಿಕ್ಕವರು. ವಾರ ಕಳೆಯುವುದರೊಳಗೆ ಎಲ್ಲರ ಬಾಯಲ್ಲೂ ‘ದೊಡ್ಡಕ್ಕ’ ಆದಳು.

ಅವಳ ಒಡಹುಟ್ಟಿದ ತಂಗಿ ಅದೇ ಆಸ್ಪತ್ರೆಯ ನಾಲ್ಕನೇ ವಾರ್ಡಿನಲ್ಲಿ ನರ್ಸು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದವಳು ಡಬ್ಬಿಯ ಮುಚ್ಚಳ ತೆಗೆಯದೆ ಕೂತಳು.

“ನೋಟಿಸು ಕೊಟ್ಟಿದಾರೆ, ಅಕ್ಕ. ರಕ್ತದ ಟ್ಯೂಬಿಗೆ ಬೇರೆಯವರ ಹೆಸರಿನ ಚೀಟಿ ಅಂಟಿಸ್ತೀನಂತೆ. ಬೇಜವಾಬ್ದಾರಿ ಅಂತ ಬರೆದಿದಾರೆ.”

“ಅಂಟಿಸಿದ್ದೆಯಾ?”

“ಪ್ರಿಂಟರಿನಿಂದ ಬಂದ ಚೀಟಿನೇ ಅಂಟಿಸಿದ್ದು. ಆದರೆ ನಂಬರು ಒಬ್ಬರದು, ಹೆಸರು ಇನ್ನೊಬ್ಬರದು. ಒಂದು ತಿಂಗಳಲ್ಲಿ ನಮ್ಮ ವಾರ್ಡಿನಲ್ಲಿ ಒಂಬತ್ತು ಸಲ ಹೀಗಾಗಿದೆ. ಲ್ಯಾಬಿನವರು ಪ್ರತಿ ಸಲ ಹಿಡಿದಿದಾರೆ, ಸದ್ಯ. ರೋಗಿಗಳಿಗೆ ಮಾತ್ರ ಎರಡೆರಡು ಸಲ ಸೂಜಿ.”

ಆಸ್ಪತ್ರೆಯ ಸಾಫ್ಟ್‌ವೇರ್ ತಾನು ಮಾಡಿದ ಕೆಲಸವನ್ನೂ ಎಡವಿದ್ದನ್ನೂ ಸಾಲುಸಾಲಾಗಿ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಲಾಗ್ ಎಂದು ಅದರ ಹೆಸರು. ಆ ನಾಲ್ಕು ವಾರಗಳಲ್ಲಿ ದಾಖಲಾಗಿದ್ದ ತಪ್ಪುಗಳೇ ನಲವತ್ತಮೂರು ಸಾವಿರ ಸಾಲು. ಅದನ್ನು ಓದುತ್ತೇನೆ ಎಂದು ದೊಡ್ಡಕ್ಕ ಹೇಳಿದಾಗ ವಿಭಾಗದ ಮುಖ್ಯಸ್ಥ ತಲೆ ಕೆರೆದುಕೊಂಡ.

“ಅದನ್ನ ಯಾರೂ ಓದಲ್ಲ ದೊಡ್ಡಕ್ಕ. ಬರೀ ಗದ್ದಲ ಅದು.”

“ಗದ್ದಲ ಮಾಡ್ತಿರೋರು ಯಾರು ಅಂತನಾದ್ರೂ ನೋಡ್ತೀನಿ.”

ಒಂದೊಂದು ಸಾಲಿನಿಂದಲೂ ಬದಲಾಗುವುದನ್ನೆಲ್ಲ ತೆಗೆದಳು: ಸಮಯ, ರೋಗಿಯ ಸಂಖ್ಯೆ, ಹಾಸಿಗೆಯ ಸಂಖ್ಯೆ. ಉಳಿದ ಮಾತು ಒಂದೇ ಇದ್ದರೆ ಒಂದು ಗುಂಪು. ಮೊದಲ ಸಲ ತೆಗೆದದ್ದು ಅತಿಯಾಗಿ, ಎಲ್ಲ ಸಾಲುಗಳೂ ಒಂದೇ ರಾಶಿಯಾದವು. ಎರಡು ದಿನದ ಕೆಲಸ ನೀರುಪಾಲು. ಬೇಸರ ಮಾಡಿಕೊಳ್ಳದೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ಐದನೇ ದಿನಕ್ಕೆ ಹದಿಮೂರು ಗುಂಪುಗಳು ನಿಂತವು.

ನಲವತ್ತು ಸಾವಿರ ಸಾಲು ಒಂದೇ ಗುಂಪಿನವು. ಹೊರರೋಗಿಗಳ ಹಜಾರದಲ್ಲಿ ಹಿಂದೆಂದೋ ಕಿತ್ತುಹಾಕಿದ್ದ ಟಿವಿ ಪರದೆಯನ್ನು ಸಾಫ್ಟ್‌ವೇರ್ ಇನ್ನೂ ನಿಮಿಷಕ್ಕೊಮ್ಮೆ ಹುಡುಕುತ್ತಿತ್ತು. ಮುಖ್ಯಸ್ಥ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡಕ್ಕನ ಕಣ್ಣು ಮಾತ್ರ ಪಟ್ಟಿಯ ಕೊನೆಯಲ್ಲಿತ್ತು. ಅಲ್ಲಿ ಒಂಬತ್ತೇ ಸಾಲುಗಳ ಗುಂಪೊಂದಿತ್ತು: ‘ಮುದ್ರಣ ತಡವಾಗಿದೆ, ಪುಟ ಬದಲಾಗಿದೆ.’ ಒಂಬತ್ತೂ ನಾಲ್ಕನೇ ವಾರ್ಡಿನವು. ಲ್ಯಾಬಿನ ದೂರುಪುಸ್ತಕ ತರಿಸಿ ತಾಳೆ ನೋಡಿದಳು. ಒಂಬತ್ತು ದೂರು, ಅವೇ ದಿನಗಳು, ಅವೇ ಹೊತ್ತು. ಒಂದೂ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಮುಖ್ಯಸ್ಥನನ್ನು ವಾರ್ಡಿಗೆ ಕರೆದೊಯ್ದಳು. ಅಲ್ಲಿಯ ಪ್ರಿಂಟರು ಹಳೆಯದು, ಕಾಗದ ಸಿಕ್ಕಿಕೊಳ್ಳುವುದು ಅದಕ್ಕೆ ಚಾಳಿ.

“ಕಾಗದ ಸಿಕ್ಕಿಕೊಂಡಾಗ ಏನು ಮಾಡ್ತೀಯ, ಹಾಗೇ ಮಾಡಿ ತೋರಿಸು,” ಎಂದು ತಂಗಿಗೆ ಹೇಳಿದಳು.

ತಂಗಿ ಪರೀಕ್ಷೆಗೆಂದೇ ತೆರೆದ ಎರಡು ಸುಳ್ಳು ಹೆಸರುಗಳನ್ನು ತೆಗೆದುಕೊಂಡಳು. ಮೊದಲನೆಯದಕ್ಕೆ ಮುದ್ರಣದ ಗುಂಡಿ ಒತ್ತಿದಳು, ಕಾಗದ ಸಿಕ್ಕಿಕೊಂಡಿತು. ಅದನ್ನು ಬಿಡಿಸುತ್ತಲೇ ಎಂದಿನಂತೆ ಮುಂದಿನ ರೋಗಿಯ ಪುಟ ತೆರೆದಳು. ಕರಕರ ಸದ್ದಿನೊಂದಿಗೆ ಚೀಟಿ ಹೊರಬಂತು. ನಂಬರು ಮೊದಲಿನವರದು, ಹೆಸರು ಎರಡನೆಯವರದು.

ಮುಖ್ಯಸ್ಥ ಚೀಟಿಯನ್ನು ಎರಡು ಸಲ ಓದಿ ಪಕ್ಕದ ಸ್ಟೂಲಿನ ಮೇಲೆ ಕೂತ. “ಕಾಯ್ತಾ ಇದ್ದ ಚೀಟಿ, ಆ ಹೊತ್ತಿಗೆ ತೆರೆದಿರೋ ಪುಟದಿಂದ ಹೆಸರು ಎತ್ಕೊಳ್ತಿದೆ. ಇದು ನಾವು ಬರೆದ ಪ್ರೋಗ್ರಾಮಿನ ತಪ್ಪು, ಸಿಸ್ಟರ್. ನಿಮ್ಮದಲ್ಲ.”

ತಂಗಿ ಅಕ್ಕನ ಮುಂಗೈ ಹಿಡಿದುಕೊಂಡಳು.

ಎರಡು ದಿನದಲ್ಲಿ ಪ್ರೋಗ್ರಾಮು ಸರಿಹೋಯಿತು. ತಿಂಗಳ ಸಭೆಯಲ್ಲಿ ಮುಖ್ಯ ವೈದ್ಯರು ಹದಿಮೂರು ಗುಂಪುಗಳ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. “ಇದನ್ನ ಕಂಡುಹಿಡಿಯೋಕೆ ಹೊರಗಿಂದ ಯಾರನ್ನ ಕರೆಸಿದ್ರಿ?” ಎಂದು ಮುಖ್ಯಸ್ಥನನ್ನು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಎದ್ದು ನಿಂತಳು. ಇಂಥ ಕಡೆ ‘ಎಲ್ಲರೂ ಸೇರಿ ಮಾಡಿದ್ದು’ ಎಂದು ತಲೆ ತಗ್ಗಿಸುವುದೇ ಅವಳಿಗೆ ರೂಢಿ. ಅಂದು ಹಾಗೆನ್ನಲು ಮನಸ್ಸು ಬರಲಿಲ್ಲ.

“ಯಾರನ್ನೂ ಕರೆಸಿಲ್ಲ, ಸಾರ್. ನಾನೇ ಕೂತು ವಿಂಗಡಿಸಿದ್ದು. ನಾಲ್ಕನೇ ವಾರ್ಡಿನವರಿಗೆ ಕೊಟ್ಟಿರೋ ನೋಟಿಸನ್ನ ಬರವಣಿಗೆಯಲ್ಲೇ ವಾಪಸ್ ತಗೋಬೇಕು.”

ವೈದ್ಯರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಇವತ್ತೇ ತಗೋತೀವಿ, ಅಮ್ಮ. ಆಮೇಲೆ, ಪ್ರತಿ ಸೋಮವಾರ ಇಂಥದೊಂದು ಪಟ್ಟಿ ನನ್ನ ಮೇಜಿಗೆ ಬರಲಿ. ನೀವೇ ತಯಾರಿಸಿ.”

ಸಂಜೆ ಅಕ್ಕತಂಗಿಯರು ಜೊತೆಯಾಗಿ ಮನೆ ಕಡೆ ಹೊರಟರು. ತಂಗಿಯ ಕೈಯಲ್ಲಿ ಸಹಿ ಬಿದ್ದ ಕಾಗದವಿತ್ತು. ಬಸ್ಸಿನಲ್ಲಿ ಅದನ್ನು ಬಿಚ್ಚಿ ಪಕ್ಕದ ಸೀಟಿನ ಅಪರಿಚಿತ ಅಜ್ಜಿಗೂ ತೋರಿಸಿದಳು.

“ಇದನ್ನ ಬರೆಸಿದ್ದು ನಮ್ಮಕ್ಕ,” ಎಂದಳು.

ದೊಡ್ಡಕ್ಕ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಅಜ್ಜಿ ಕಾಗದವನ್ನು ಪೂರ್ತಿ ಓದಿ ಮುಗಿಸಲಿ ಎಂದು ಕಾದಳು.