ಎರಡು ಹಡಗು, ಒಂದು ಗೆರೆ

ಅರವತ್ತೈದರ ಸೆಪ್ಟೆಂಬರ್ ತಿಂಗಳು. ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲೇ ಚನ್ನಪಟ್ಟಣದ ತಾಹೇರಾಳ ಮನೆ ಬಾಗಿಲಿಗೆ ಒಬ್ಬ ಮುದುಕ ಯುದ್ಧದ ಹಡಗಿನ ನಕ್ಷೆ ಹಿಡಿದುಕೊಂಡು ಬಂದ. ತನ್ನ ಹೆಸರು ಮುನಿಶಾಮಯ್ಯ, ಊರು ಕೈಲಾಂಚ ಅಂದ. ವಯಸ್ಸು ಎಂಬತ್ತರ ಹತ್ತಿರ. ಮಾತು ಅಪ್ಪಟ ಹಳ್ಳಿಯದು, ಕಾಗದದ ಮೇಲಿನ ಬರಹ ಮಾತ್ರ ಯಾವುದೋ ದೂರದೇಶದ್ದು.

ತಾಹೇರಾಳ ಅಪ್ಪ ಇಮಾಮ್ ಸಾಬ್‌ಗೆ ಕಣ್ಣು ಮಂದವಾದ ಮೇಲೆ ಗೊಂಬೆ ಕಡೆಯುವ ಲೇತು ಅವಳ ಕೈಗೇ ಬಂದಿತ್ತು. ಮುದುಕ ಕೇಳಿದ್ದು ಗೊಂಬೆಗೆ ಬಳಸುವ ಆಲೆಮರದಲ್ಲಿ ಎರಡು ಮೊಳದ ಹಡಗು. ಒಂದಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ನಕ್ಷೆ.

"ಎರಡೂ ಒಂದೇ ತರ ಅವಲ್ಲ, ತಾತ?" ಅಂದಳು ತಾಹೇರಾ.

"ನಿನಗಂಗೆ ಕಾಣ್ತದೆ. ಗೆರೆ ಇದ್ದಂಗೇ ಕೆತ್ತು, ಒಸೀನೂ ಆಚೀಚೆ ಮಾಡ್ಬೇಡ."

ಯಾಕೆ, ಯಾರಿಗೆ ಅಂತ ಕೇಳಿದರೆ ಮಾತು ತಿರುಗಿಸಿಬಿಡುತ್ತಿದ್ದ. ದಿನಾ ಬೆಳಗಿನ ಬಸ್ಸಿಗೆ ಬಂದು ಹೊಸ್ತಿಲ ಪಕ್ಕ ಕೂತು ಅವಳ ಉಳಿಯನ್ನೇ ನೋಡುವನು. ಸಂಜೆ ನಕ್ಷೆಗಳನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಬಗಲಿಗಿಟ್ಟುಕೊಂಡು ಹೊರಡುವನು. ಅವನ್ನು ಒಂದು ದಿನವೂ ಅಲ್ಲಿ ಬಿಟ್ಟು ಹೋದವನಲ್ಲ. ನಾಲ್ಕು ಹೊಗೆ ಕೊಳವೆ, ಮುಂದೊಂದು ಫಿರಂಗಿ, ಪಕ್ಕದಲ್ಲಿ ಸಣ್ಣ ಫಿರಂಗಿಗಳು, ಟಾರ್ಪಿಡೊ ಬಿಡುವ ಕೊಳವೆ, ಎಲ್ಲವನ್ನೂ ಅಳತೆಗೆ ಸರಿಯಾಗಿ ಕಡೆಸಿದ. ಬಾಯ್ಲರು, ಎಂಜಿನ್ನು ಇರುವ ಜಾಗಕ್ಕೆ ಸೀಸದ ತುಂಡುಗಳನ್ನು ತೂಗಿ ತೂಗಿ ತಂದ.

ಮರ ತಂದು ಹಾಕುವ ಕೆಂಚಯ್ಯ ಇದನ್ನೆಲ್ಲ ನೋಡಿ ದನಿ ತಗ್ಗಿಸಿದ. "ಇದು ಆಟದ ಸಾಮಾನಲ್ಲ ಕಣವ್ವ. ಯಾರಾದ್ರೂ ಸ್ಟೇಷನ್ನಿಗೆ ಹೇಳುದ್ರೆ ಆ ಮುದುಕನ್ನ ಕೇಳಾಕಿಲ್ಲ. ನಿಮ್ಮನ್ನ ಕೇಳ್ತಾರೆ."

ಅವನು ಬಾಯಿಬಿಟ್ಟು ಹೇಳದೆ ಉಳಿಸಿದ್ದೂ ತಾಹೇರಾಗೆ ಅರ್ಥವಾಯಿತು. ಅವತ್ತಿನಿಂದ ಬೀದಿಯಲ್ಲಿ ಸೈಕಲ್ ನಿಂತರೂ ಪೊಲೀಸರೇನೋ ಅಂತ ಕೈ ತಡೆಯುತ್ತಿತ್ತು. ಮುದುಕ ಯಾರ ಕಡೆಯವನು? ಬೇಕಂತಲೇ ಸಾಬರ ಮನೆ ಹುಡುಕಿಕೊಂಡು ಬಂದನೇ?

ಎರಡನೆಯ ಹಡಗಿನ ನಡುಭಾಗ ಕೆತ್ತುವಾಗ, ಮೊದಲನೆಯದರ ದಪ್ಪಕ್ಕೆ ಅಳತೆ ಹಿಡಿದಿಟ್ಟಿದ್ದ ಕ್ಯಾಲಿಪರ್ ಒಂದು ಕಡೆ ಮರಕ್ಕೆ ತಾಗದೆ ಸಡಿಲವಾಯಿತು. ಮೊದಲನೆಯದಕ್ಕಿಂತ ಇದು ಒಂದೊಂದು ಪಕ್ಕಕ್ಕೂ ರಾಗಿಕಾಳಿನಷ್ಟು ಕಿರಿದು. ನಕ್ಷೆಗೆ ಹಿಡಿದು ನೋಡಿದಳು. ನಕ್ಷೆಯಲ್ಲೇ ಹಾಗಿತ್ತು. ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಈಗ ಹೇಳಿ ತಾತ. ಇಲ್ದಿದ್ರೆ ಎರಡನ್ನೂ ಎತ್ಕೊಂಡು ನಾನೇ ಸ್ಟೇಷನ್ನಿಗೆ ಹೋಗ್ತೀನಿ."

ಮುನಿಶಾಮಯ್ಯ ಎರಡು ನಕ್ಷೆಯನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿದ. ಆಮೇಲೆ ಹೇಳಿದ. ಹದಿನೆಂಟನೇ ವಯಸ್ಸಿಗೆ ಮನೆ ಬಿಟ್ಟು ಪಾಂಡಿಚೇರಿ ಸೇರಿದ್ದು, ಅಲ್ಲಿ ನಕ್ಷೆ ಎಳೆಯುವುದು ಕಲಿತದ್ದು, ಒಬ್ಬ ಫ್ರೆಂಚ್ ಎಂಜಿನಿಯರು ತನ್ನ ದೇಶದ ಹಡಗುಕಟ್ಟೆಗೆ ಕರೆದುಕೊಂಡು ಹೋದದ್ದು. ಅಲ್ಲಿ ಅವನ ಕೆಲಸ ದೊಡ್ಡವರ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ನಕಲು ತೆಗೆಯುವುದು.

"ಮೊದಲ್ನೇದು ಎಂಜಿನಿಯರ್‌ದು. ಎರಡ್ನೇದು ನನ್ನ ಕೈದು. ಥಂಡಿಗೆ ಕಾಗದ ಸುಕ್ಕಾಗಿತ್ತು, ಗೆರೆ ಒಳಕ್ಕೆ ಜಾರ್ತು. ಹಡಗಲ್ಲಿ ಅದು ಎರಡೂ ಪಕ್ಕ ಸೇರಿ ಒಂದು ಗೇಣು. ನನ್ನ ಗೆರೆ ನೋಡ್ಕೊಂಡೇ ಉಕ್ಕಿನ ಪಕ್ಕೆಲುಬು ಬಗ್ಗಿಸುದ್ರು, ತಗಡು ಹೊಡುದ್ರು. ನೀರಿಗಿಳಿದ ಎರಡ್ನೇ ವರ್ಷ ಬಿರುಗಾಳಿಗೆ ಮಗುಚ್ಕೊಂಡ್ತು. ನಲವತ್ತೊಂದು ಜನ ಹೋದ್ರು. ನನ್ನಿಂದಾನೇ ಏನೋ ಅಂತ ಅವತ್ತಿಂದ ಅನುಮಾನ ಕಣವ್ವ."

ತಾಹೇರಾ ಪೂರ್ತಿ ನಂಬಲಿಲ್ಲ. ಆದರೆ ಬಾಗಿಲು ಬಿಟ್ಟಳು.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಹಿತ್ತಲಿನ ಕಲ್ಲುತೊಟ್ಟಿಗೆ ಹಡಗುಗಳನ್ನು ಇಳಿಸಿದರು. ಮುದುಕ ಮೊದಲು ತನ್ನ ಗೆರೆಯ ಹಡಗಿನ ಅಂಚನ್ನು ಬೆರಳಿನಿಂದ ಒತ್ತಿದ. ವಾಲಿದ್ದು ಮೇಲೇಳಲಿಲ್ಲ, ಮಗುಚಿಕೊಂಡಿತು. ಅವನ ಮುಖ ಬಿಳಿಚಿಕೊಂಡಿತು. ಎಂಜಿನಿಯರನ ಗೆರೆಯದನ್ನೂ ಅಷ್ಟೇ ಒತ್ತಿದ. ಅದೂ ವಾಲಿತು, ಒಂದು ಗಳಿಗೆ ತಡೆಯಿತು, ಮಗುಚಿಕೊಂಡಿತು.

ಎತ್ತಿ ಮತ್ತೆ ಇಟ್ಟು ನೋಡಿದ. ಮತ್ತೆ ಅದೇ.

"ಮೇಲಿನ ಭಾರ ಜಾಸ್ತಿ," ಅಂದಳು ತಾಹೇರಾ. "ಕೊಳವೆ, ಫಿರಂಗಿ ಎಲ್ಲ ಎತ್ತರದಲ್ಲೇ ಕೂರ್ಸಿದಾರೆ. ಯಾವ ಗೆರೆಗೆ ಕಟ್ಟಿದ್ರೂ ಬೀಳೋದೇ."

ಮುದುಕ ತಿರುಗಿ ಅವಳನ್ನು ನೋಡಿದ ರೀತಿ ಅವಳಿಗೆ ಹಿಡಿಸಲಿಲ್ಲ. "ಎರಡ್ನೂ ಒಂದೇ ಅಳತೆಗೆ ಕೆತ್ತಿದೀಯ. ಮುದುಕಂಗೆ ಸಮಾಧಾನ ಆಗ್ಲಿ ಅಂತ ಅಲ್ವೇನವ್ವ?"

ತಾಹೇರಾಗೆ ಸಿಟ್ಟು ಬಂತು. ಹದಿನೈದು ದಿನ ತಾನು ಅವನನ್ನು ಹೇಗೆ ನೋಡಿದ್ದಳೋ ಅವನೂ ಈಗ ಹಾಗೇ ನೋಡುತ್ತಿದ್ದ. ಕ್ಯಾಲಿಪರ್ ತಂದು ಅವನ ಕೈಗಿಟ್ಟಳು. ಅವನು ಮೂರು ಸಲ ಅಳೆದ. ಮೂರು ಸಲವೂ ರಾಗಿಕಾಳಿನ ವ್ಯತ್ಯಾಸ ಸಿಕ್ಕಿತು. ಕ್ಯಾಲಿಪರ್ ಕೆಳಗಿಟ್ಟು ತೊಟ್ಟಿಯ ಕಟ್ಟೆಗೆ ಒರಗಿ ಕೂತ.

ಒಳಗಿಂದ ಇಮಾಮ್ ಸಾಬ್ ಏನಾಯಿತೆಂದು ಕೂಗಿ ಕೇಳಿದ. "ಏನಿಲ್ಲ ಅಬ್ಬಾ," ಅಂದು ಅವಳು ಒಂದು ಲೋಟ ಚಹಾ ತಂದುಕೊಟ್ಟಳು. ಅವನು ನಿಧಾನಕ್ಕೆ ಕುಡಿದ.

"ಮನೇಲಿ ಯಾರಿಗೂ ಹೇಳಿರ್ಲಿಲ್ವಾ ತಾತ?"

"ಹೆಂಡ್ತಿ ಕೇಳಿದ್ಲು, ನಿದ್ದೇಲಿ ಯಾಕೆ ನರಳ್ತೀಯ ಅಂತ. ಹೊಟ್ಟೆನೋವು ಅಂದೆ. ನಂಬಿದ್ಲೋ ಇಲ್ವೋ, ಸಾಯೋಗಂಟ ಮತ್ತೆ ಕೇಳ್ಲಿಲ್ಲ."

ಬಸ್‌ಸ್ಟ್ಯಾಂಡಿನವರೆಗೆ ತಾಹೇರಾ ಅವನ ಜೊತೆಗೇ ನಡೆದಳು. ನೋಡುವವರು ನೋಡಲಿ ಅಂತ ತಲೆ ಎತ್ತಿಕೊಂಡೇ ನಡೆದಳು.