ತಾಮ್ರದ ಕಾಲಿನ ಜೀರುಂಡೆ

ಹೂವಿನ ಚಕ್ರವನ್ನು ಬಾಗಿಲಲ್ಲೇ ತಡೆದ ತಂಗಿ, ಅದರ ಮೇಲಿದ್ದ ಬಿಳಿ ಪಟ್ಟಿಯನ್ನು ಓದಿ ಪರ್ರನೆ ಹರಿದಳು. ‘ಕಿರಿಯ ಸಹಾಯಕಿಗೆ ಅಂತಿಮ ನಮನ’ ಎಂದಿತ್ತು.

“ಇಪ್ಪತ್ತೆಂಟು ವರ್ಷ ದುಡಿದ ಮೇಲೂ ಕಿರಿಯ. ಹಿರಿಯಳಾಗೋಕೆ ಇನ್ನೇನು ಮಾಡ್ಬೇಕಿತ್ತಂತೆ? ಸತ್ತದ್ದು ಸಾಲದಾ?”

“ನಂದೇನಿದೆ ಅಮ್ಮ, ಆಫೀಸಲ್ಲಿ ಬರೆಸಿಕೊಟ್ಟಿದ್ದನ್ನ ತಂದೆ,” ಎಂದ ಸಂಗ್ರಹಾಲಯದ ಜವಾನ.

ಒಳಗಿನಿಂದ ದೊಡ್ಡಮ್ಮ ಬಂದು ಅವಳ ಮೊಣಕೈ ಹಿಡಿದಳು. “ಹೆಣ ಮನೇಲಿದೆ ಕಣೇ. ಈಗ ಬೇಡ.”

“ಅವಳು ಬದುಕಿದ್ದಾಗ್ಲೂ ಎಲ್ಲರೂ ಇದನ್ನೇ ಅಂದ್ರಿ ದೊಡ್ಡಮ್ಮ. ಈಗ ಬೇಡ, ಈಗ ಬೇಡ.”

ನಡುಮನೆಯ ಬೆಂಚಿನ ಮೇಲೆ ಅಕ್ಕ ಮಲಗಿದ್ದಳು. ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಒಣಗಿದ ಹುಳಗಳನ್ನು ನೆನೆಸಿ, ಕಾಲುಗಳನ್ನು ಬಿಡಿಸಿ, ಪಿನ್ನು ಚುಚ್ಚಿ, ಸಾಸಿವೆಯಂಥ ಅಕ್ಷರದಲ್ಲಿ ಚೀಟಿ ಬರೆಯುವುದು ಅವಳ ಕೆಲಸವಾಗಿತ್ತು. ತಂಗಿಗೆ ಶಾಲೆಯ ವ್ಯಾನು ಓಡಿಸುವ ಕೆಲಸ. ನಲವತ್ತು ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಅವಳ ದನಿಯೇ ಹಾಗಾಗಿತ್ತು. ಪಿಸುಮಾತು ಆಡಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

* * *

ಮೂರು ವರ್ಷದ ಹಿಂದೆ, ನೂರು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ಹಸಿರು ಜೀರುಂಡೆಗಳ ಪೆಟ್ಟಿಗೆಯಲ್ಲಿ, ಒಂದು ಹುಳ ಅಕ್ಕನ ಕಣ್ಣಿಗೆ ಬಿತ್ತು. ಎಲ್ಲದರ ಬೆನ್ನೂ ತಿಕ್ಕಿ ತೊಳೆದ ಲೋಹದ ಹಾಗೆ ಹೊಳೆಯುತ್ತಿತ್ತು. ಆದರೆ ಉಳಿದವುಗಳ ಕಾಲು ನೀಲಿ, ಇದರದು ತಾಮ್ರ. ಅಂದಿನಿಂದ ಭಾನುವಾರ ಬಂತೆಂದರೆ ಅಕ್ಕ ವ್ಯಾನು ಹತ್ತಿ ಕೂರುತ್ತಿದ್ದಳು. ಕಾಡಂಚಿನಲ್ಲಿ ಬಿದ್ದ ಮರಗಳ ತೊಗಟೆಯ ಮುಂದೆ ಸುಡುಬಿಸಿಲಲ್ಲಿ ಬಲೆ ಹಿಡಿದು ಕುಕ್ಕರಗಾಲಲ್ಲಿ ಕಾಯುತ್ತಿದ್ದಳು.

“ಏಳು ಭಾನುವಾರಕ್ಕೆ ಆರು ಹುಳ,” ಎಂದು ತಂಗಿ ಆಡಿಕೊಂಡಿದ್ದಳು. “ಕೋಳಿ ಸಾಕಿದ್ರೆ ಮೊಟ್ಟೆಯಾದ್ರೂ ಸಿಗ್ತಿತ್ತು.”

ಅಕ್ಕ ಅಳತೆ ತೆಗೆದು, ಚಿತ್ರ ಬರೆದು, ಹನ್ನೊಂದು ಪುಟ ವಿವರಣೆ ಸಿದ್ಧಮಾಡಿ ಸಂಗ್ರಹಾಲಯದ ನಿರ್ದೇಶಕನ ಮೇಜಿನ ಮೇಲಿಟ್ಟಳು. ಅವನು ತಲೆಯೆತ್ತಲಿಲ್ಲ. “ಹೊಸ ಜಾತಿಯ ಹುಳ ಅನ್ನೋಕೆ ಓದಿರ್ಬೇಕಮ್ಮ. ಪಿನ್ನು ಚುಚ್ಚಿದಷ್ಟು ಸುಲಭ ಅಲ್ಲ.”

ಮರುವರ್ಷ ಅದು ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಬಂತು. ಚಿತ್ರಗಳು ಅಕ್ಕನವು, ಲೇಖಕ ನಿರ್ದೇಶಕ. ಜೀರುಂಡೆಗೆ ಇಟ್ಟದ್ದು ಅವನ ಮಾವನ ಹೆಸರು. ಕೊನೆಯಲ್ಲಿ ‘ಸಿಬ್ಬಂದಿ ವರ್ಗಕ್ಕೆ’ ಒಂದು ಕೃತಜ್ಞತೆ.

“ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ? ಹೋಗಿ ಕೇಳು,” ಎಂದು ತಂಗಿ ಕಿರುಚಿದಳು.

ಅಕ್ಕ ಆ ಪುಟವನ್ನು ಭೂತಗನ್ನಡಿಯಲ್ಲಿ ನೋಡುತ್ತಲೇ ಇದ್ದಳು. “ಸ್ವಲ್ಪ ತಡಿ,” ಎಂದಳಷ್ಟೆ.

ತಂಗಿ ಚಪ್ಪಲಿ ಮೆಟ್ಟಿ ಹೊರಟವಳು ನಾಲ್ಕು ತಿಂಗಳು ಆ ಮನೆಯತ್ತ ಸುಳಿಯಲಿಲ್ಲ. ಮತ್ತೆ ಬಂದದ್ದು ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯಲು.

* * *

ಹನ್ನೊಂದು ಗಂಟೆಗೆ ನಿರ್ದೇಶಕ ಬಂದ. ಅಕ್ಕನ ಮುಂದೆ ಅರೆಗಳಿಗೆ ತಲೆಬಾಗಿ, ಭಾವನನ್ನು ಪಕ್ಕದ ಕೋಣೆಗೆ ಕರೆದ. ಭಾವ ಗಡಿಯಾರ ರಿಪೇರಿ ಮಾಡುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ತಂಗಿ ಕರೆಯದಿದ್ದರೂ ಹಿಂದೆಯೇ ಹೋದಳು.

“ನಮ್ಮ ಮನೆಯವರ ಹಾಗೇ ಇದ್ರು ಅವರು,” ಎಂದ ನಿರ್ದೇಶಕ. “ಪ್ರದರ್ಶನದ ಒಂದು ಕೋಣೆಗೆ ಅವರ ಹೆಸರಿಡೋಣ ಅಂತಿದ್ದೀನಿ. ನೀವು ಇದಕ್ಕೊಂದು ಸಹಿ ಹಾಕಿದ್ರೆ ಸಾಕು.”

ತಂಗಿ ಕಾಗದ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. “ಕಾಯಿಲೆಯ ಕೊನೆಯ ತಿಂಗಳುಗಳಲ್ಲಿ ನನ್ನ ಪತ್ನಿಯ ಬುದ್ಧಿ ಸ್ತಿಮಿತದಲ್ಲಿರಲಿಲ್ಲವಾದ್ದರಿಂದ, ಆಕೆ ಕಳಿಸಿದ ಲೇಖನವನ್ನು ಹಿಂಪಡೆಯುತ್ತೇನೆ.” ಅವಳು ಕಾಗದದಿಂದ ತಲೆಯೆತ್ತಿದಳು. “ಯಾವ ಲೇಖನ?”

“ನನ್ನ ಬರಹ ತಪ್ಪು ಅಂತ ಪತ್ರಿಕೆಗೆ ಬರೆದಿದ್ದಾರೆ. ಒಂದು ಸಣ್ಣ ಕಣ್ತಪ್ಪು...”

“ಸಣ್ಣದಲ್ಲ,” ಎಂದ ಭಾವ. ತಂಗಿಯ ಕಡೆ ತಿರುಗಿ, ಗಿರಾಕಿಗೆ ಗಡಿಯಾರ ಯಾಕೆ ನಿಂತಿತೆಂದು ಹೇಳುವ ದನಿಯಲ್ಲಿ ಹೇಳಿದ. “ಹೊಸ ಹೆಸರಿಡುವಾಗ ಒಂದೇ ಒಂದು ಹುಳ ಆರಿಸಿ ಅದಕ್ಕೆ ಕೆಂಪು ಚೀಟಿ ಹಾಕ್ಬೇಕಂತೆ. ಹೆಸರು ಆ ಹುಳಕ್ಕೇ ಸೇರೋದು. ಇವರು ನೋಡದೆ ನೀಲಿ ಕಾಲಿಂದಕ್ಕೆ ಹಾಕಿದ್ದಾರೆ. ಅದಕ್ಕೆ ನೂರು ವರ್ಷದಿಂದ ಹೆಸರಿದೆ. ಇವರ ಮಾವನ ಹೆಸರು ಬಿದ್ದುಹೋಗುತ್ತೆ. ತಾಮ್ರದ ಕಾಲಿಂದಕ್ಕೆ ಹೆಸರೇ ಇರ್ಲಿಲ್ಲ. ನಿನ್ನಕ್ಕ ಇಟ್ಟಳು.”

“ನಿಮಗೆ ಗೊತ್ತಿತ್ತಾ ಭಾವ? ನನಗ್ಯಾಕೆ ಹೇಳ್ಲಿಲ್ಲ?”

“ನಾನೇ ಅಂಚೆಗೆ ಹಾಕಿದ್ದು. ನಿನಗೆ ಹೇಳಿದ್ರೆ ಊರಿಗೇ ಡಂಗುರ ಹೊಡೆದ ಹಾಗೆ ಅಂದಳು.”

ಆ ನಾಲ್ಕು ತಿಂಗಳು ಅಕ್ಕ ಸುಮ್ಮನಿರಲಿಲ್ಲ, ಅಳತೆ ತೆಗೆಯುತ್ತಿದ್ದಳು. ತಂಗಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು. ಆ ಸಿಟ್ಟನ್ನು ಯಾರ ಮೇಲೆ ಸುರಿಯುವುದೆಂದು ತಿಳಿಯದೆ ನಿರ್ದೇಶಕನ ಮುಂದೆ ಹೆಜ್ಜೆ ಇಟ್ಟಳು.

ಭಾವ ಅಡ್ಡ ಬಂದ. ಅವಳ ಕೈಯಿಂದ ಕಾಗದ ತೆಗೆದು ನಾಲ್ಕಾಗಿ ಮಡಚಿ ನಿರ್ದೇಶಕನ ಜೇಬಿಗೆ ತುರುಕಿದ.

“ಕಾಯಿಲೆ ಇದ್ದದ್ದು ಹೊಟ್ಟೇಲಿ ಸ್ವಾಮಿ. ತಲೇಲಲ್ಲ. ಹೊರಡಿ.”

ನಿರ್ದೇಶಕ ಹೋದ ಮೇಲೆ ತಂಗಿ ಕೇಳಿದಳು, “ಏನಂತ ಹೆಸರಿಟ್ಟಳು?”

“ತಾಮ್ರದ ಕಾಲಿಂದು ಅಂತ.”

“ಅಷ್ಟೇನಾ? ಯಾರ ಹೆಸರೂ ಇಲ್ವಾ?”

“ಹುಳಕ್ಕೆ ಹುಳದ ಗುರುತು ಸಾಕು ಅಂದಳು.”

ಅಕ್ಕನನ್ನು ಎತ್ತಿ ಶವದ ಗಾಡಿಯಲ್ಲಿಟ್ಟರು. ತಂಗಿ ಚಾಲಕನ ಪಕ್ಕ ಹತ್ತಿದಳು. ತಿರುವು ದಾಟಿದರೆ ಓಣಿಯ ನಡುವೆ ನಿರ್ದೇಶಕನ ಉದ್ದನೆಯ ಕಪ್ಪು ಕಾರು ಎದುರಾಗಿ ನಿಂತಿತ್ತು. ತಿರುಗಿಸಲು ಜಾಗವಿಲ್ಲದೆ ಅಲ್ಲೇ ಒದ್ದಾಡುತ್ತಿತ್ತು.

“ನಾನೇ ಹಿಂದಕ್ಕೆ ತಗೊಳ್ಲಾ ಅಕ್ಕಾ?” ಎಂದ ಚಾಲಕ.

“ಬೇಡ,” ಎಂದ ತಂಗಿ ಕೈ ಚಾಚಿ ಹಾರ್ನ್ ಒತ್ತಿ ಹಿಡಿದಳು.

ಕಿಟಕಿ, ಬಾಗಿಲುಗಳಲ್ಲಿ ಜನ ಬಂದು ನಿಂತರು. ಅವಳು ಕೈ ತೆಗೆಯಲಿಲ್ಲ. ಕಾರು ಎಡಕ್ಕೂ ಬಲಕ್ಕೂ ವಾಲುತ್ತ, ಗೋಡೆಗೆ ಕನ್ನಡಿ ಉಜ್ಜುತ್ತ, ಓಣಿಯ ಉದ್ದಕ್ಕೂ ಹಿಂದೆ ಹಿಂದೆ ಸರಿಯಿತು. ಅಕ್ಕ ಮುಂದೆ ಮುಂದೆ ಹೋದಳು.