ರಬಾಳೆಯ ಓದುಗ

ಹದಿನಾರು ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿ ಗಾಡಿ ಬದಲಿಸಿ ಬೇಲಾಪುರದ ಆಫೀಸು. ಬರೆಯುವುದೆಲ್ಲ ಆ ದಾರಿಯಲ್ಲೇ, ಮೊಬೈಲಿನಲ್ಲಿ. ಹಳೆಯ ರೇಡಿಯೋ ರಿಪೇರಿ ನನ್ನ ಹವ್ಯಾಸ. ಟಿವಿ ಸುದ್ದಿಯವರನ್ನು ಬೈಯುವುದು ಅದಕ್ಕಿಂತ ದೊಡ್ಡ ಹವ್ಯಾಸ. ಹೆಣದ ಮುಂದೆ ಕೂತವರ ಬಾಯಿಗೆ ಮೈಕ್ ಹಿಡಿದು "ನಿಮಗೆ ಏನನಿಸುತ್ತಿದೆ?" ಎಂದು ಕೇಳುವವರಿಗೆ ಮಾನ ಇದೆಯೇ ಎಂದು ಕಡಿಮೆಯೆಂದರೂ ನಲವತ್ತು ಸಲ ಬರೆದಿರಬೇಕು.

ಮೊದಲು ಓದುಗರು ತುಂಬ ಇದ್ದರು. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಹೋದರು, ಅಲ್ಲಿಂದ ರೀಲ್ಸಿಗೆ. ಉಳಿದವನು ಸಂಗಮೇಶ ಒಬ್ಬ. ಯಾದಗಿರಿ ಕಡೆಯವನು, ರಬಾಳೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಪ್ರತಿ ಬರಹದ ಕೆಳಗೂ ಅವನದು ಒಂದೇ ಕಮೆಂಟು: "ಓದಿದೆ ಸರ್." ಒಮ್ಮೆ ಫೋನ್ ನಂಬರ್ ಕೇಳಿದ್ದ, ಕೊಟ್ಟಿದ್ದೆ. ದಿನಾ ನನ್ನ ಗಾಡಿ ರಬಾಳೆಯಲ್ಲಿ ನಿಲ್ಲುತ್ತದೆ. ಒಂದು ದಿನವೂ ಇಳಿದು ಅವನನ್ನು ನೋಡಿದವನಲ್ಲ ನಾನು.

ಕಳೆದ ಸೋಮವಾರ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು: ರಬಾಳೆಯಲ್ಲಿ ಯಂತ್ರಕ್ಕೆ ಸಿಕ್ಕಿ ಕಾರ್ಮಿಕ ಸಾವು. ಹೆಸರಿಲ್ಲ. ನನಗೆ ಸಿಟ್ಟು ಬಂತು. ನಟಿಯ ನಾಯಿಗೂ ಹೆಸರು ಹಾಕುತ್ತಾರೆ, ಇವನಿಗಿಲ್ಲವೇ ಎಂದು ಖಾರವಾಗಿ ಬರೆದೆ. ಚೆನ್ನಾಗಿಯೇ ಬಂದಿತ್ತು. ಕಮೆಂಟು ಮಾತ್ರ ಬರಲಿಲ್ಲ. ಮೂರು ದಿನ ಕಾದೆ.

"ಇದ್ದವ ಒಬ್ಬ, ಅವನೂ ರಜೆ ಹಾಕಿದ ಕಾಣ್ತದೆ," ಎಂದು ಹೆಂಡತಿ ಸುಗುಣಾ ನಕ್ಕಳು. ನಾನೂ ನಕ್ಕೆ.

ಶುಕ್ರವಾರ ಬೆಳಿಗ್ಗೆ ಗಾಡಿಯಲ್ಲಿದ್ದಾಗ ಸಂಗಮೇಶನ ನಂಬರಿನಿಂದ ಫೋನ್ ಬಂತು. ಹೆಂಗಸಿನ ದನಿ.

"ವಿಷ್ಣುಮೂರ್ತಿ ಸರ್ ಏನ್ರಿ? ನಾ ಮರಗಮ್ಮ, ಸಂಗಮೇಶ ಅವ್ರ ಮನಿಯಾಕಿ. ನಮ್ಮವ್ರು ಹೋಗಿಬಿಟ್ರು ಸರ್. ರವಿವಾರ, ಮಿಷಿನ್ನಿಗೆ ಸಿಕ್ಕು. ಪೇಪರ್‌ನಾಗ ಹೆಸ್ರು ಹಾಕಿಲ್ಲಂತ. ದಿನಾ ನಿಮ್ಮದು ಓದಿ ನನಗ ಹೇಳ್ತಿದ್ರು. ನೀವಾದ್ರೂ ಹಾಕ್ತೀರೇನ್ರಿ?"

ನನ್ನ ಬಾಯಿಂದ ಬಂದದ್ದು ಇದು:

"ನಿಮಗೀಗ ಏನನಿಸ್ತದೆ ಅಮ್ಮ?"

"ಏನ್ ಅನಸ್ಬೇಕ್ರಿ ಸರ್," ಎಂದಳು.

ನನಗೆ ನಾಚಿಕೆಯಾಗಬೇಕಿತ್ತು. ಆಯಿತೋ ಇಲ್ಲವೋ ಈಗಲೂ ಗೊತ್ತಿಲ್ಲ. ಅವನ ಊರು, ವಯಸ್ಸು, ತಂದೆಯ ಹೆಸರು ಕೇಳಿಕೊಂಡು ಫೋನ್ ಇಟ್ಟೆ.

ರಬಾಳೆ ಬಂತು. ಇಳಿದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಸೋಮವಾರದ ಬರಹ ತೆರೆದು, 'ಹೆಸರಿಲ್ಲದ ಕಾರ್ಮಿಕ' ಎಂದಿದ್ದಲ್ಲೆಲ್ಲ ಸಂಗಮೇಶ ಎಂದು ಹಾಕಿದೆ. ಆಮೇಲೆ ಅವಳಿಗೆ ಫೋನ್ ಮಾಡಿದೆ.

"ಹಾಕಿದ್ದೇನೆ ಅಮ್ಮ."

"ನನಗ ಓದಾಕ ಬರಂಗಿಲ್ರಿ. ನೀವೇ ಓದಿ ಹೇಳ್ರಿ."

ಓದತೊಡಗಿದೆ. ನಟಿಯ ನಾಯಿಯ ಸಾಲು ಬಂದಾಗ ಅದನ್ನು ಬಿಟ್ಟು ಮುಂದೆ ಹೋದೆ. ಕೊನೆಯವರೆಗೂ ಓದಿ ಮುಗಿಸಿದೆ.

"ಹೆಸ್ರು ಇರೋದು ಇನ್ನೊಮ್ಮೆ ಓದ್ರಿ ಸರ್," ಎಂದಳು.

ಓದಿದೆ.